ಗರ್ಭಿಣಿಯರ ರಕ್ತಪರೀಕ್ಷೆ: ಲೆಕ್ಕ ತಪ್ಪದಿರಲು ಮಾಡತಕ್ಕದ್ದೇನು?

ಮೈಸೂರಿನಿಂದ ಊಟಿಗೆ ಸಾಗುವ ಹೆದ್ದಾರಿಯ ಬೇಗೂರಿನಲ್ಲಾಗಲಿ, ಅದರ ಸುತ್ತಣ ಹಳ್ಳಿ ಹಾಡಿಗಳಲ್ಲಾಗಲಿ, ಗರ್ಭವತಿಯಾದ ಹೆಣ್ಣುಮಗಳು ಹನ್ನೆರಡು ವಾರ ತುಂಬುವುದರೊಳಗೆ ಆಶಾ ಕಾರ್ಯಕರ್ತೆಯಲ್ಲಿ ಹೆಸರು ಬರೆಸಿ ತಾಯಿ ಕಾರ್ಡನ್ನು ಪಡೆಯುವುದೇ ಮೊದಲ ಕೆಲಸ. ಆಗಲೇ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳತಕ್ಕದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಇವೆರಡೂ ಉಚಿತ. ಆದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಆಕೆಗೆ ತಿಳಿಯಹೇಳಿ ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ನಡೆಸುವಂತಿಲ್ಲ, ಫಲಿತಾಂಶವನ್ನು ಅತ್ತೆಯ ಕಿವಿಗೂ ಹಾಕುವಂತಿಲ್ಲ.

ಪ್ರಥಮ ಪರೀಕ್ಷೆಯಲ್ಲಿ ಎಚ್‌ಐವಿ ಸೋಂಕಿನ ಸುಳಿವು ಕಂಡಮಾತ್ರಕ್ಕೆ ಅದೇ ಅಂತಿಮವೆಂದು ಬಗೆಯಲಾಗದು. ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಬೇರೆ ಬೇರೆ ಕಿಟ್‌ಗಳಿಂದ ಮೂರು ಬಾರಿ ಪರೀಕ್ಷಿಸಿ ದೃಢಪಡಿಸಿದ ಮೇಲೆಯೇ ಆಪ್ತಸಮಾಲೋಚಕರು ಅದನ್ನು ತಿಳಿಸುವರು. ದೃಢವಾದರೆ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ತಡಮಾಡದೆ ಆರಂಭಿಸಿ ಜೀವನಪರ್ಯಂತ ಮುಂದುವರಿಸಬೇಕು. ಚಿಕಿತ್ಸೆಯಿಲ್ಲದಿದ್ದಲ್ಲಿ ನೂರಕ್ಕೆ 15ರಿಂದ 45 ಶಿಶುಗಳಿಗೆ ತಗಲಬಹುದಾದ ಸೋಂಕು, ಚಿಕಿತ್ಸೆ ಸಕಾಲದಲ್ಲಿ ದೊರೆತರೆ 5ಕ್ಕಿಂತ ಕೆಳಗಿಳಿಯುತ್ತದೆ. ಸಿಫಿಲಿಸ್‌ಗಾದರೋ ಪೆನಿಸಿಲಿನ್ ಚುಚ್ಚುಮದ್ದೇ ಮದ್ದು. ಹೆರಿಗೆಗೆ ಕನಿಷ್ಠ ಮೂವತ್ತು ದಿನ ಮುಂಚೆ ಕೊಟ್ಟರೆ ಮಗುವಿಗೂ ರಕ್ಷಣೆ. ಗಂಡನ ಪರೀಕ್ಷೆಯೂ ಜೊತೆಯಲ್ಲಿ ನಡೆಯಲೇಬೇಕು. ಹೆಂಡತಿಯನ್ನು ಮಾತ್ರ ಆಸ್ಪತ್ರೆಗೆ ಕಳುಹಿಸಿ ತಾನು ಹೊರಗುಳಿಯುವ ಗಂಡಸಿನಿಂದ ಗುಣವಾದ ಸಿಫಿಲಿಸ್ ಪುನಃ ಅವಳಿಗೇ ಅಂಟೀತು.

ಪರೀಕ್ಷೆಗೊಳಗಾದ ಗರ್ಭಿಣಿಯರ ಲೆಕ್ಕ ತಪ್ಪುವುದು ಹೆಚ್ಚಾಗಿ ತವರಿನ ದಾರಿಯಲ್ಲಿ. ಚೊಚ್ಚಲ ಹೆರಿಗೆಗೆಂದು ಬೇಗೂರಿನಿಂದ ನಂಜನಗೂಡಿನ ಕಡೆಗೋ ಚಾಮರಾಜನಗರಕ್ಕೋ ಹೋದವಳು ಅಲ್ಲಿ ಹೊಸದಾಗಿ ಹೆಸರು ಬರೆಸಿದಳೆಂದರೆ, ಒಬ್ಬಳೇ ಇಬ್ಬರಾಗಿ ಎಣಿಕೆಗೆ ಸೇರುವಳು, ಇಲ್ಲವೇ ಎರಡೂ ಕಡೆಯವರು ಮತ್ತೊಬ್ಬರು ನೋಡಿಕೊಳ್ಳುವರೆಂದು ಸುಮ್ಮನಿರಲಾಗಿ ಯಾರ ಲೆಕ್ಕಕ್ಕೂ ಸಿಗದೆ ಹೋಗುವಳು. ಆದುದರಿಂದ ತಾಯಿ ಕಾರ್ಡನ್ನು ತಪ್ಪದೆ ಒಯ್ದು ಅದರ ಸಂಖ್ಯೆಯನ್ನೇ ಅಲ್ಲಿಯೂ ತೋರಿಸಬೇಕು. ಹೊರಡುವ ಸುದ್ದಿಯನ್ನು ಇಲ್ಲಿಯ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ಹೇಳಬೇಕು.

ಸೋಂಕಿನ ಪ್ರಮಾಣವನ್ನು ಬರೆಯುವವರು ಪಾಸಿಟಿವ್ ಎಷ್ಟೆಂಬುದಕ್ಕೂ ಮೊದಲು ನೋಂದಾಯಿತರೆಷ್ಟು, ಪರೀಕ್ಷೆಗೊಳಗಾದವರೆಷ್ಟು ಎಂಬೆರಡನ್ನೂ ಬರೆಯತಕ್ಕದ್ದು. ನೂರು ಮಂದಿ ನೋಂದಾಯಿತರಲ್ಲಿ ಅರುವತ್ತು ಮಂದಿಯ ರಕ್ತವನ್ನಷ್ಟೇ ನೋಡಿ ಸೋಂಕು ಇಲ್ಲವೆಂದು ಸಾರುವ ವರದಿಗೆ ನಾನು ಬೆಲೆ ಕೊಡಲಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ಕಾವಲು ಸಮೀಕ್ಷೆಯ ಬಗೆಯೇ ಬೇರೆ: ಆಯ್ದ ಆಸ್ಪತ್ರೆಗಳಲ್ಲಿ, ಸಮೀಕ್ಷೆಯ ಅವಧಿಯಲ್ಲಿ ಮೊದಲ ಬಾರಿಗೆ ಬರುವ 15ರಿಂದ 49 ವಯಸ್ಸಿನ 400 ಗರ್ಭಿಣಿಯರ ರಕ್ತವನ್ನು ಸರದಿಯಂತೆ, ಹೆಸರಿನ ಸಂಬಂಧವಿಲ್ಲದೆ ಪರೀಕ್ಷಿಸುವರು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಎಚ್‌ಐವಿ ಶೇಕಡಾ 1ನ್ನು ಮೀರಿದುದನ್ನೂ ಬಳಿಕ ಇಳಿದುದನ್ನೂ ತೋರಿಸಿಕೊಟ್ಟುದು ಈ ಸಮೀಕ್ಷೆಯೇ. ಆದರೆ ಅದರಿಂದ ಒಂದು ಹೋಬಳಿಯ ಸ್ಥಿತಿಯನ್ನು ಊಹಿಸಲಾಗದು. ಅದಕ್ಕೆ ಆಶಾ ಕಾರ್ಯಕರ್ತೆಯ ನೋಂದಣಿ ಪುಸ್ತಕವೇ ಗತಿ.

ಎಚ್‌ಐವಿ ಸೋಂಕಿತ ತಾಯಿಯ ಮಗುವಿಗೆ ಆರನೆಯ ವಾರದಲ್ಲೊಮ್ಮೆ ಪರೀಕ್ಷೆ, ಹದಿನೆಂಟನೆಯ ತಿಂಗಳಲ್ಲಿ ಅಂತಿಮ ನಿರ್ಣಯ. ಅದನ್ನೂ ಬರೆದ ಮೇಲೆಯೇ ಆ ತಾಯಿಯ ಲೆಕ್ಕವನ್ನು ಮುಗಿಸಬೇಕು. ಸಂದೇಹವಿದ್ದವರು ಹೆಸರು ಹೇಳದೆಯೇ 1097ಕ್ಕೆ ಉಚಿತವಾಗಿ ಕರೆಮಾಡಿ ಕೇಳಬಹುದು.