ಹಕ್ಕಿಗಳ ದ್ವೀಪವಾದ ಟೋರಿಶಿಮಾ

ಭೂಪಟದ ಪಾಠದಲ್ಲಿ ನಾವು ದೊಡ್ಡ ದೇಶಗಳನ್ನು ತೋರಿಸಿ, ಚಿಕ್ಕ ಚುಕ್ಕೆಗಳನ್ನು ದಾಟಿ ಹೋಗುವುದುಂಟು. ಅಂಥ ಒಂದು ಚುಕ್ಕೆಯು ಟೋಕಿಯೊ ನಗರಕ್ಕೆ ದಕ್ಷಿಣದಲ್ಲಿ, ಸುಮಾರು 580 ಕಿಲೋಮೀಟರ್ ದೂರದ ಪೆಸಿಫಿಕ್ ಸಾಗರದಲ್ಲಿರುವುದು. ಅದರ ಹೆಸರು ಟೋರಿಶಿಮಾ. ಜಪಾನೀ ಭಾಷೆಯಲ್ಲಿ ‘ಟೋರಿ’ ಎಂದರೆ ಹಕ್ಕಿ, ‘ಶಿಮಾ’ ಎಂದರೆ ದ್ವೀಪ. ಇದು ಕಡಲಿನಿಂದ ಎದ್ದುನಿಂತ ಜ್ವಾಲಾಮುಖಿಯ ಶಿಖರ. ಎತ್ತರವು 394 ಮೀಟರ್. ಈಗ ಇಲ್ಲಿ ಮನುಷ್ಯರ ವಾಸವಿಲ್ಲ.

1841ರಲ್ಲಿ ಬಿರುಗಾಳಿಗೆ ಸಿಕ್ಕಿದ ಐವರು ಬೆಸ್ತರು ಈ ದ್ವೀಪವನ್ನು ಸೇರಿದರು. ಅವರಲ್ಲಿ ಕಿರಿಯನಾದ ಮಾಂಜಿರೋ ಹದಿನಾಲ್ಕು ವರ್ಷದ ಹುಡುಗನು. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳ ಮಾಂಸವನ್ನು ತಿಂದು, ಮಳೆಯ ನೀರನ್ನು ಕುಡಿದು, ಅವರು ಸುಮಾರು ಐದು ತಿಂಗಳು ಜೀವ ಹಿಡಿದಿದ್ದರು. ಅಮೆರಿಕದ ತಿಮಿಂಗಿಲ ಬೇಟೆಯ ಹಡಗೊಂದು ಅವರನ್ನು ಉಳಿಸಿತು. ಮಾಂಜಿರೋ ಅಮೆರಿಕದಲ್ಲಿ ಶಾಲೆಗೆ ಸೇರಿ ಕಲಿತು, 1851ರಲ್ಲಿ ಸ್ವದೇಶಕ್ಕೆ ಮರಳಿ, ಕಲಿತುದನ್ನು ತನ್ನವರಿಗೆ ಕಲಿಸಿದನು.

ಐವರನ್ನು ಬದುಕಿಸಿದ ಹಕ್ಕಿಗಳ ಗತಿಯಾದರೋ ಬೇರೆಯಾಯಿತು. ಹಾಸಿಗೆಗೆ ತುಂಬುವ ಗರಿಗಾಗಿ 1887ರಿಂದ ಇಲ್ಲಿ ಬೇಟೆಯು ಮೊದಲಾಯಿತು. ಮನುಷ್ಯನನ್ನು ಕಂಡು ಓಡಲರಿಯದ ಈ ಹಕ್ಕಿಗೆ ಜಪಾನೀಯರು ‘ಪೆದ್ದು ಹಕ್ಕಿ’ ಎಂದೇ ಹೆಸರಿಟ್ಟಿದ್ದರು. ಈ ಉದ್ಯಮದಲ್ಲಿ ಹತವಾದವು ಸುಮಾರು 50 ಲಕ್ಷವೆಂದು ಅಂದಾಜು. 1902ರ ಆಗಸ್ಟಿನಲ್ಲಿ ಜ್ವಾಲಾಮುಖಿಯು ಸಿಡಿದು ದ್ವೀಪವಾಸಿಗಳಾದ 125 ಮಂದಿಯೂ ಮಡಿದರು. ಇದನ್ನು ಹಕ್ಕಿಗಳ ಶಾಪವೆನ್ನಲು ಮನಸ್ಸಾದೀತು. ಆದರೆ ಬೆಂಕಿಯ ಬೆಟ್ಟವು ಪಾಪಪುಣ್ಯಗಳನ್ನು ಎಣಿಸುವುದಿಲ್ಲ. ಅಷ್ಟಾದ ಮೇಲೂ ಬೇಟೆಯು ನಿಲ್ಲಲಿಲ್ಲವೆಂಬುದೇ ನಾವು ಯೋಚಿಸಬೇಕಾದ ಸಂಗತಿ.

1949ರಲ್ಲಿ ಒಂದು ಹಕ್ಕಿಯೂ ಕಾಣದೆ, ಕುಲವೇ ಅಳಿಯಿತೆಂದು ವಿದ್ವಾಂಸರು ಬರೆದರು. ಆದರೆ 1951ರಲ್ಲಿ ದ್ವೀಪದ ಹವಾಮಾನ ಕೇಂದ್ರದವರಿಗೆ ಸುಮಾರು ಹತ್ತು ಹಕ್ಕಿಗಳು ಕಾಣಿಸಿದವು. ಮರಿಗಳು ಗೂಡು ಬಿಟ್ಟ ಮೇಲೆ ಕೆಲವು ವರ್ಷ ಕಡಲಿನ ಮೇಲೆಯೇ ಕಳೆಯುವುದರಿಂದ ಇಷ್ಟಾದರೂ ಉಳಿದಿದ್ದವು. ಭೂಕಂಪಗಳ ಭಯದಿಂದ 1965ರಲ್ಲಿ ಕೇಂದ್ರದವರೂ ದ್ವೀಪವನ್ನು ತೊರೆದರು.

ಈ ಹಕ್ಕಿಯು ವರ್ಷಕ್ಕೆ ಒಂದೇ ಮೊಟ್ಟೆಯಿಡುವುದು. ಅದೂ ಬೂದಿಯ ಇಳಿಜಾರಿನಲ್ಲಿ ಉರುಳಿಹೋಗುತ್ತಿತ್ತು. 1976ರಿಂದ ಇವುಗಳ ಅಧ್ಯಯನಕ್ಕೆ ತೊಡಗಿದ ಹಿರೋಶಿ ಹಾಸೆಗಾವಾ ಅವರ ಯತ್ನದಿಂದ ಅಲ್ಲಿ ಹುಲ್ಲನ್ನು ನೆಟ್ಟು ಮಣ್ಣನ್ನು ಹಿಡಿಸಲಾಯಿತು. ಬೊಂಬೆಹಕ್ಕಿಗಳನ್ನಿಟ್ಟು, ಮುದ್ರಿಸಿದ ಕೂಗನ್ನು ಕೇಳಿಸಿ, ಭದ್ರವಾದ ಇನ್ನೊಂದು ಇಳಿಜಾರಿಗೆ ಅವುಗಳನ್ನು ಕರೆದರು. 2008ರಿಂದ 2012ರವರೆಗೆ 70 ಮರಿಗಳನ್ನು ಮುಕೋಜಿಮಾ ದ್ವೀಪಕ್ಕೆ ಒಯ್ದು ಸಾಕಿದರು. ಇಂದು ಈ ಹಕ್ಕಿಗಳು ಹಲವು ಸಾವಿರವಾಗಿವೆ.

ಕೊಲ್ಲುವುದಕ್ಕೆ ಒಂದು ದೊಣ್ಣೆಯು ಸಾಕಾಯಿತು. ಉಳಿಸುವುದಕ್ಕೆ ಹಲವು ದಶಕಗಳ ತಾಳ್ಮೆಯು ಬೇಕಾಯಿತು. ಮನೆಯಲ್ಲಿ ಮಕ್ಕಳೊಡನೆ ಭೂಪಟವನ್ನು ಬಿಡಿಸಿದಾಗ ಈ ಚುಕ್ಕೆಯನ್ನೂ ಬೆರಳಿಟ್ಟು ತೋರಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರನ್ನೂ ಪೋಷಕರನ್ನೂ ಕೇಳಿಕೊಳ್ಳುತ್ತೇವೆ.