ಗದ್ದೆ ಮಾರುವ ಮುಂಚೆ ಒಂದು ಮಾತು

ಚಿರಂಜೀವಿ ಅಳಿಯನಿಗೆ ಮದ್ದೂರಿನಿಂದ ಮಾವ ಮಾಡುವ ಆಶೀರ್ವಾದಗಳು.

ಮೊನ್ನೆ ನಿಮ್ಮಮ್ಮ ಫೋನಿನಲ್ಲಿ ವಿಷಯ ಹೇಳಿದಳು. ನಾಲಾ ಬಯಲಿನ ಇಪ್ಪತ್ತು ಗುಂಟೆ ಗದ್ದೆ ಮಾರಿ, ಬಂದ ದುಡ್ಡಲ್ಲಿ ಅರ್ಧ ನಿನ್ನ ಇಂಜಿನಿಯರಿಂಗ್ ಸೀಟಿಗೆ, ಇನ್ನರ್ಧ ಹೆದ್ದಾರಿ ಪಕ್ಕದ ಸೈಟಿಗೆ ಹಾಕಬೇಕೆಂದು ಭಾವ ನಿಶ್ಚಯ ಮಾಡಿದ್ದಾರಂತೆ. ನಿನಗೆ ಗಣಿತ ಒಗ್ಗುವುದಿಲ್ಲ, ಮೋಟಾರು ಬಿಚ್ಚಿ ಕೂತರೆ ಮಾತ್ರ ಊಟದ ನೆನಪಿರುವುದಿಲ್ಲ ಎನ್ನುವುದನ್ನೂ ಅವಳೇ ಹೇಳಿದಳು. ಈ ಕಾಗದ ಓದಿ ಮಡಚಿಟ್ಟುಬಿಡಬೇಡ. ಜಗುಲಿ ಮೇಲೆ ಕೂತು ನಾಲ್ಕು ಜನಕ್ಕೆ ಕೇಳಿಸುವಂತೆ ಓದು. ನಿನ್ನಂಥವರು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ.

ನಾಳೆ ನಿನಗೆ ಹೆಣ್ಣು ಸಿಗಬೇಕಲ್ಲ ಎಂಬ ಭಾವನ ಅವಸರ ನನಗೆ ತಿಳಿಯದ್ದೇನಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆದಾಗ ಹೆಣ್ಣುಗಳು ನೂರರ ಲೆಕ್ಕದಲ್ಲಿ ಬಂದರೆ ಗಂಡುಗಳು ಸಾವಿರಗಳ ಲೆಕ್ಕದಲ್ಲಿ ಬಂದಿದ್ದರು. ಮೂರು ತಿಂಗಳಿಗೆ ನಮ್ಮ ಕೆ.ಎಂ. ದೊಡ್ಡಿಯಿಂದಲೇ ಮದುವೆಯಾಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದನ್ನು ನೋಡಿ ನಕ್ಕವರಿದ್ದಾರೆ, ನನಗೆ ಹೊಟ್ಟೆ ಉರಿಯಿತು. ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಇದೆಯಾ, ಸೈಟಿದೆಯಾ ಎಂದು ಹೆಣ್ಣಿನ ಕಡೆಯವರು ಕೇಳುತ್ತಾರೆ, ನಿಜ. ಹಾಗಂತ ಹೆಣ್ಣುಮಕ್ಕಳ ಮೇಲೆ ಹರಿಹಾಯಬೇಡ. ನಾಟಿ ಗದ್ದೆಯಲ್ಲಿ ಅಮ್ಮನ ಬೆನ್ನು ಬಗ್ಗಿದ್ದನ್ನು ಕಂಡು ಬೆಳೆದವರು ಅವರು. ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ದಂಧೆ 2023ರಲ್ಲಿ ಬಯಲಿಗೆ ಬಂತಲ್ಲ, ಅದು ನಡೆಯುತ್ತಿದ್ದುದು ನಮ್ಮ ಮಂಡ್ಯದ ಒಂದು ಆಲೆಮನೆಯಲ್ಲಿ. ಹೆಣ್ಣು ಸಿಗುತ್ತಿಲ್ಲ ಎನ್ನುವ ಹಿರಿಯರು ಅದನ್ನೂ ಒಮ್ಮೆ ನೆನೆಯಲಿ.

ಈಗ ನಿನ್ನ ಓದಿನ ಮಾತು. ಕೆ.ವಿ. ಶಂಕರೇಗೌಡರು 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಕಟ್ಟಿದ್ದು ಹಳ್ಳಿ ಮಕ್ಕಳ ಪಾಲಿಗೆ ದೊಡ್ಡ ಉಪಕಾರ. ಆಗ ಇಂಜಿನಿಯರು ಅಂದರೆ ಊರಿಗೊಬ್ಬ. ಈಗ ಪದವಿ ಕೈಯಲ್ಲಿ ಹಿಡಿದು ಅಂಗಡಿಗಳಿಗೆ ಬಿಲ್ಲು ಬರೆಯುವ, ಮನೆಮನೆಗೆ ಪಾರ್ಸೆಲ್ ಹಂಚುವ ಹುಡುಗರನ್ನು ನಾನು ದಿನಾ ನೋಡುತ್ತೇನೆ. ದುಡಿಮೆಯಲ್ಲಿ ಕೀಳಿಲ್ಲ. ಆದರೆ ಅದಕ್ಕಾಗಿ ಗದ್ದೆ ಮಾರಬೇಕಿತ್ತೇ?

ಮೂವತ್ತು ವರ್ಷ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದವನು ನಾನು. ಒಂದು ಸಂಗತಿ ಹೇಳುತ್ತೇನೆ. ಸುಟ್ಟ ಪಂಪಿನ ಮೋಟಾರು ಬಂದಾಗ ಹೊಸ ಹುಡುಗರು ಮೊದಲು ಮಾಡುವುದು ಕರಿದಾದ ತಂತಿಯನ್ನು ಕಿತ್ತೆಸೆಯುವುದು. ನಾನು ಕೈ ಹಿಡಿದು ನಿಲ್ಲಿಸುತ್ತಿದ್ದೆ. ಒಂದು ಕಾಯಿಲಿಗೆ ಎಷ್ಟು ಸುತ್ತು, ಎಣಿಸು. ತಂತಿಯ ಗೇಜು ಅಳೆ. ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ, ಬರೆದುಕೋ. ಆಮೇಲೆ ಹಾಳೆ ಕೂರಿಸಿ ಸುತ್ತು ತುಂಬು, ವಾರ್ನಿಶ್ ಒಣಗಿಸು, ಮೆಗ್ಗರ್ ಹಿಡಿದು ನೋಡು. ಹತ್ತು ಸುತ್ತು ಕಡಿಮೆಯಾದರೂ ಮೋಟಾರು ಓಡುತ್ತದೆ, ಕಾದು ಕಾದು ಬೇಸಿಗೆಯ ನಡುವೆ ಮತ್ತೆ ಸುಡುತ್ತದೆ, ರೈತನ ಕಬ್ಬು ಒಣಗುತ್ತದೆ. ಎಣಿಸುವ ತಾಳ್ಮೆ ಕಲಿತ ಹುಡುಗರು ಇವತ್ತು ಮದ್ದೂರಲ್ಲಿ, ಮಳವಳ್ಳಿಯಲ್ಲಿ ಸ್ವಂತ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸೋಮನಹಳ್ಳಿ, ತೂಬಿನಕೆರೆ ಕೈಗಾರಿಕಾ ಪ್ರದೇಶಗಳಲ್ಲಿ ಮೇಂಟೆನೆನ್ಸ್ ನೋಡುವವರೂ ಇದ್ದಾರೆ.

ಐಟಿಐ ಸೇರಿದರೆ ದಾರಿ ಮುಚ್ಚಿತು ಎಂದು ಭಾವನಿಗೆ ಯಾರು ಹೇಳಿದರೋ. ಎರಡು ವರ್ಷದ ಟ್ರೇಡ್ ಮುಗಿಸಿದವನು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೀಟು ಸಿಗುತ್ತದೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೂ ಐಟಿಐ ಅರ್ಹತೆ. ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುತ್ತಲೇ ಸ್ಟೈಪೆಂಡ್ ಬರುತ್ತದೆ. ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತಂದಿದೆ. ಸೇರುವ ಮುಂಚೆ ವರ್ಕ್‌ಶಾಪಿಗೆ ಹೋಗಿ ಯಂತ್ರ ಓಡುತ್ತಿದೆಯೋ, ಮೇಷ್ಟ್ರು ಕಾಯಂ ಇದ್ದಾರೋ ಎಂದು ಕಣ್ಣಾರೆ ನೋಡಿಕೊಂಡು ಬಾ.

ಸರ್ಕಾರದ ಮೇಲೆ ನನಗೆ ಒಂದು ಬೇಸರವಿದೆ. ಪಿಯುಸಿ ಹಂತದಲ್ಲಿ ಜೆಒಸಿ ಎಂಬ ವೃತ್ತಿ ಕೋರ್ಸುಗಳಿದ್ದವು, ಅವನ್ನು ಸುಧಾರಿಸುವ ಬದಲು ಮುಚ್ಚಿದರು. ಪದವಿಯ ಸ್ವರೂಪವನ್ನು 2021ರಲ್ಲಿ ಒಂದು ಸಲ, 2024ರಲ್ಲಿ ಮತ್ತೊಂದು ಸಲ ಬದಲಿಸಿದರು. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ಕೊಡುತ್ತಾರೆ, ಅದೂ ಹೆಚ್ಚೆಂದರೆ ಎರಡು ವರ್ಷ. ಕಷ್ಟಕಾಲಕ್ಕೆ ಆಸರೆ, ಬೇಡವೆನ್ನಲಾರೆ. ಆದರೆ ಹತ್ತನೇ ಕ್ಲಾಸಿನ ಹುಡುಗನನ್ನು ಕೂರಿಸಿಕೊಂಡು, ನಿನ್ನ ಕೈಗೆ ಯಾವುದು ಒಗ್ಗುತ್ತದಪ್ಪ ಎಂದು ಕೇಳುವ ಒಬ್ಬರು ಪ್ರತಿ ಹೈಸ್ಕೂಲಿನಲ್ಲೂ ಬೇಕು. ಅವರಿಲ್ಲದ ಕಡೆ ಮಕ್ಕಳ ಹಣೆಬರಹವನ್ನು ಪಕ್ಕದ ಮನೆಯವರು ಬರೆಯುತ್ತಾರೆ. ಹುದ್ದೆ ಕೊಡಿಸುತ್ತೇನೆಂದು ದುಡ್ಡು ಕೇಳುವವರೂ ಅಲ್ಲಿಗೇ ಬರುತ್ತಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ಮರುವರ್ಷ ರದ್ದಾಯಿತು, ನಿಯತ್ತಾಗಿ ಬರೆದವರೂ ಬೀದಿಗೆ ಬಿದ್ದರು. ಹುದ್ದೆ ಕೊಡಿಸುತ್ತೇನೆನ್ನುವವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಸೈಟು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆ ಕಬ್ಬಿನ ಗದ್ದೆಗಳಲ್ಲೆಲ್ಲ ಕಲ್ಲುಗೂಟ ಎದ್ದಿವೆ. ರಸ್ತೆ ಬಂದರೆ ಬದುಕು ಬಂತು ಅಂದುಕೊಂಡರು. ರಸ್ತೆ ಮದ್ದೂರಿನ ಹೊರಗಿಂದ ಹೋಯಿತು, ವಡೆ ತಿನ್ನಲು ನಿಲ್ಲುತ್ತಿದ್ದ ಕಾರುಗಳೂ ಹೊರಗಿಂದಲೇ ಹೋದವು, ಹಳೇ ರಸ್ತೆಯ ಹೋಟೆಲುಗಳಲ್ಲಿ ವ್ಯಾಪಾರ ಕುಸಿಯಿತು. ಅದೇ ವರ್ಷ ಆಗಸ್ಟಿನಿಂದ ನಿನ್ನ ಬೈಕಿಗೂ ಆ ಮುಖ್ಯರಸ್ತೆಯಲ್ಲಿ ಪ್ರವೇಶವಿಲ್ಲ.

ನಾನೂ ಒಂದು ಕಾಲದಲ್ಲಿ ಬಣ್ಣದ ನಕ್ಷೆ ನೋಡಿ ಸೈಟಿಗೆ ದುಡ್ಡು ಕಟ್ಟಿದವನೇ. ಜಿಪಿಎ ಬರೆದುಕೊಟ್ಟರು, ಭೂ ಪರಿವರ್ತನೆ ಆಗಿರಲಿಲ್ಲ. ಖಾತೆಗಾಗಿ ಹನ್ನೊಂದು ವರ್ಷ ಅಲೆದೆ. ನಿಮ್ಮತ್ತೆಯ ಎರಡು ಬಳೆ ಅದರಲ್ಲಿ ಕರಗಿಹೋದವು. ಆದ್ದರಿಂದ ಹೇಳುತ್ತೇನೆ: ಪರಿವರ್ತನೆ ಆದೇಶ, ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ, ರೇರಾ ನೋಂದಣಿ, ಪಂಚಾಯ್ತಿ ಜಾಗವಾದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ, ಮೂವತ್ತು ವರ್ಷದ ಇಸಿ, ಇಷ್ಟೂ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.

ಅದಕ್ಕೂ ಮುಂಚೆ ಕೇಳಬೇಕಾದ್ದು, ಈಗಲೇ ಸೈಟು ಯಾಕೆ? ನಿನಗೆ ಕೆಲಸ ತೂಬಿನಕೆರೆಯಲ್ಲೋ ಬಿಡದಿಯಲ್ಲೋ ಮೈಸೂರಲ್ಲೋ ಗೊತ್ತಿಲ್ಲ. ಕೆಲಸ ಎಲ್ಲಿ ಎಂದು ತಿಳಿಯದೆ ಮನೆ ಎಲ್ಲಿ ಎಂದು ಹೇಗೆ ಗೊತ್ತುಮಾಡುತ್ತೀಯ? ಮದ್ದೂರು ಸ್ಟೇಷನ್ನಿಗೆ ಒಂದು ದಿನ ಬೆಳಗ್ಗೆ ಬಾ. ಸೀಸನ್ ಪಾಸಿನವರು ಟಿಫಿನ್ ಕ್ಯಾರಿಯರ್ ಹಿಡಿದು ಎರಡೂ ಕಡೆಯ ರೈಲಿಗೆ ಕಾದು ನಿಂತಿರುತ್ತಾರೆ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ಉಳಿಸಿ ಊರ ಮನೆಗೆ ತಾರಸಿ ಹಾಕಿಸಿದವರು ಅವರಲ್ಲಿದ್ದಾರೆ. ನಿಮ್ಮ ಮಳವಳ್ಳಿಗೆ ರೈಲಿಲ್ಲ, ಆ ಕಷ್ಟ ನಿಜವಾದ ಕಷ್ಟ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ತಾಲ್ಲೂಕು ಅದು. ಅಲ್ಲಿಯ ಮಕ್ಕಳು ಕೆಲಸಕ್ಕೆ ಇನ್ನೂ ಬಸ್ಸನ್ನೇ ನೆಚ್ಚಿ ನಿಲ್ಲಬೇಕು. ಬೇಕಾದರೆ ಮೊದಲ ಎರಡು ವರ್ಷ ನಮ್ಮ ಮನೆಯ ಮೇಲಿನ ರೂಮಿನಲ್ಲಿರು. ಬಾಡಿಗೆ ಕೇಳುವುದಿಲ್ಲ.

ಒಂದು ಮಾತು ಬಿಟ್ಟಿದ್ದೆ. ಆ ಗದ್ದೆ ಪಿತ್ರಾರ್ಜಿತ. ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕೇಂದ್ರ ಹೇಳಿದ್ದು 2005ರಲ್ಲಿ, ನಮ್ಮ ಕರ್ನಾಟಕ 1994ರಲ್ಲೇ ಹೇಳಿತ್ತು. ನಿಮ್ಮಕ್ಕ ಗಾರ್ಮೆಂಟ್ಸಿಗೆ ಹೋಗಿ ಮೂರು ವರ್ಷದಿಂದ ಮನೆ ನಡೆಸುತ್ತಿದ್ದಾಳೆ. ನರ್ಸಿಂಗ್ ಓದಬೇಕೆಂಬ ಆಸೆ ಅವಳಿಗಿತ್ತು, ನಿನ್ನ ಫೀಸಿಗಾಗಿ ಬಿಟ್ಟಳು. ಗದ್ದೆಯ ವಿಚಾರದಲ್ಲಿ ಅವಳನ್ನು ಯಾರಾದರೂ ಒಂದು ಮಾತು ಕೇಳಿದಿರಾ?

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಪಹಣಿ, ಕ್ರಯಪತ್ರ ತೆಗೆದಿಡಲು ನಿಮ್ಮಪ್ಪನಿಗೆ ಹೇಳು. ಅಕ್ಕನಿಗೆ ಅವತ್ತು ಓವರ್‌ಟೈಮ್ ಇದ್ದರೆ ಬೇಡವೆನ್ನು, ಅವಳು ಮನೆಯಲ್ಲಿರಬೇಕು.

ನಿನ್ನ ಸೋದರಮಾವ