ಕೆಟ್ಟು ನಿಂತ ಜೆಟ್ ಸ್ಕೀ ಹಾಗೂ ಮೋಟಾರು ದೋಣಿಯನ್ನು ದಡಕ್ಕೆ ಎಳೆದು ತರುವ ಕ್ರಮ
(ನದಿತೀರದ ಹಾಗೂ ಕೆರೆ ವ್ಯಾಪ್ತಿಯ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಪೀಠಿಕೆ
ಆಗಸ್ಟ್ 2019ರಲ್ಲಿ ತುಂಗಭದ್ರಾ ಜಲಾಶಯದಿಂದ ಭಾರೀ ಪ್ರಮಾಣದ ನೀರನ್ನು ನದಿಗೆ ಹರಿಸಿದಾಗ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿದರು. ಅವರನ್ನು ಕರೆತರುವ ಕಾರ್ಯಾಚರಣೆಯಲ್ಲಿ ರಕ್ಷಣಾ ಸಿಬ್ಬಂದಿಯಿದ್ದ ದೋಣಿಯೊಂದು ಮಗುಚಿ, ಸಿಬ್ಬಂದಿಯನ್ನೇ ರಕ್ಷಿಸಬೇಕಾಯಿತು. ನೆರವಿಗೆ ಹೋದ ದೋಣಿಗೂ ನೆರವು ಬೇಕಾಗಬಹುದೆಂಬುದನ್ನು ಈ ಘಟನೆ ತಿಳಿಸುತ್ತದೆ. ನೀರಿನ ಮಧ್ಯೆ ಎಂಜಿನ್ ನಿಂತ ವಾಹನವನ್ನು ಜನರಿಗೆ ಅಪಾಯವಾಗದಂತೆ, ಎಂಜಿನ್ ಹಾಳಾಗದಂತೆ ದಡ ಸೇರಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಎಂಜಿನ್ ಕೆಡುವುದು ಹೇಗೆ?
ಮಲ್ಪೆ, ಮುರುಡೇಶ್ವರ ಮುಂತಾದ ಕಡಲತೀರಗಳಲ್ಲಿ ಕಾಣುವ ಜೆಟ್ ಸ್ಕೀಗೆ ಹೊರಗೆ ಕಾಣುವ ಪಂಖವಿರುವುದಿಲ್ಲ. ತಳದಲ್ಲಿರುವ ಪಂಪು ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸುವುದರಿಂದ ವಾಹನ ಮುಂದೆ ಸಾಗುತ್ತದೆ. ಇದೇ ನೀರಿನ ಒಂದು ಪಾಲು ಕೊಳವೆಯ ಮೂಲಕ ಒಳಹೋಗಿ ಎಂಜಿನ್ನನ್ನೋ ಹೊಗೆಕೊಳವೆಯನ್ನೋ ತಣಿಸುತ್ತದೆ. ಎಂಜಿನ್ ಓಡುತ್ತಿರುವಾಗ ಹೊಗೆಯ ಒತ್ತಡವು ಆ ನೀರನ್ನು ಹೊರಕ್ಕೆ ತಳ್ಳುತ್ತಿರುತ್ತದೆ.

ಎಂಜಿನ್ ನಿಂತಾಗ ಆ ಒತ್ತಡವಿರುವುದಿಲ್ಲ. ಅಂಥ ವಾಹನವನ್ನು ವೇಗವಾಗಿ ಎಳೆದರೆ ನೀರು ಪಂಪಿನ ಮೂಲಕ ನುಗ್ಗಿ ಹೊಗೆಕೊಳವೆಯನ್ನು ತುಂಬಿ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯಂತೆ ನೀರನ್ನು ಅದುಮಲಾಗದು. ಆದುದರಿಂದ ಆ ಸ್ಥಿತಿಯಲ್ಲಿ ಎಂಜಿನ್ ಚಾಲನೆ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುವ ಸಂಭವವಿದೆ. ಸಣ್ಣ ದೋಷದಿಂದ ನಿಂತ ಎಂಜಿನ್ ಎಳೆಯುವ ತಪ್ಪಿನಿಂದಲೇ ಸಂಪೂರ್ಣ ಹಾಳಾಗಬಹುದು.

ವೇಗದ ಮಿತಿ
ಸಾಮಾನ್ಯವಾಗಿ ಗಂಟೆಗೆ 8 ಕಿ.ಮೀ. ಮೀರಿ ಎಳೆಯಬಾರದು. ತಯಾರಕರ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿಯಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಈ ವೇಗವನ್ನು ದಡವನ್ನು ನೋಡಿ ಅಳೆಯಬಾರದು. ಹರಿಯುವ ನೀರಿಗೆ ಹೋಲಿಸಿ ಅಳೆಯಬೇಕು. ಹೊಳೆ ಗಂಟೆಗೆ 7 ಕಿ.ಮೀ. ವೇಗದಲ್ಲಿ ಹರಿಯುತ್ತಿರುವಾಗ ಪ್ರವಾಹಕ್ಕೆ ಎದುರಾಗಿ ಗಂಟೆಗೆ 3 ಕಿ.ಮೀ. ಎಳೆದರೂ ಪಂಪಿನ ಬಾಯಿಗೆ ನೀರು 10 ಕಿ.ಮೀ. ವೇಗದಲ್ಲಿ ಬಡಿಯುತ್ತದೆ. ದಡದಲ್ಲಿ ನಿಂತವರಿಗೆ ಅದು ನಿಧಾನವಾಗಿಯೇ ಕಾಣುತ್ತದೆ. ರಭಸದ ಹರಿವಿಗೆ ಮುಖಮಾಡಿ ಕಟ್ಟಿಹಾಕಿದ ವಾಹನಕ್ಕೂ ಇದೇ ಅಪಾಯವಿದೆ. ಆದುದರಿಂದ ಹೊಳೆಯಲ್ಲಿ ಪ್ರವಾಹದ ಜೊತೆಗೆ ಓರೆಯಾಗಿ ಸಾಗಿ ಸಮೀಪದ ದಡವನ್ನು ಸೇರುವುದು, ಬಳಿಕ ವಾಹನವನ್ನು ನೀರಿನಿಂದ ಮೇಲಕ್ಕೆ ತೆಗೆಯುವುದು ಯುಕ್ತ.

ಜೆಟ್ ಸ್ಕೀ ಎಳೆಯುವಾಗ
1. ಮೊದಲು ಜನರನ್ನು ಎಳೆಯುವ ದೋಣಿಗೆ ಹತ್ತಿಸಿಕೊಳ್ಳಬೇಕು. ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿರಬೇಕು. ಪ್ರವಾಹ ತೀವ್ರವಾಗಿದ್ದರೆ ವಾಹನವನ್ನು ಬಿಟ್ಟುಬರಬೇಕು.
2. ಕೀಲಿ ಹಾಗೂ ಎಂಜಿನ್ ನಿಲ್ಲಿಸುವ ಬಳ್ಳಿಯನ್ನು ತೆಗೆದಿಡಬೇಕು. ಪಂಪಿನ ಬಾಯಿಗೆ ಸಿಕ್ಕಿದ ಜಲಕಳೆ ಅಥವಾ ಹಗ್ಗವನ್ನು ಆಮೇಲೆಯೇ ಬಿಡಿಸಬೇಕು.
3. ಪಂಪಿನಿಂದ ಎಂಜಿನ್ ಕಡೆಗೆ ಹೋಗುವ ತಂಪುನೀರಿನ ಕೊಳವೆಯನ್ನು ಕ್ಲಾಂಪಿನಿಂದ ಬಿಗಿಯಾಗಿ ಒತ್ತಿಹಿಡಿಯಬೇಕು. ಆ ಕೊಳವೆ ಯಾವುದೆಂದು ಚಾಲಕರಿಂದ ಮೊದಲೇ ಗುರುತು ಹಾಕಿಸಿಡಬೇಕು.
4. ಕ್ಲಾಂಪ್ ಹಾಕಿದೊಡನೆ ವಾಹನದ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಬೇಕು. ಕ್ಲಾಂಪ್ ತೆಗೆಯದೆ ಚಾಲನೆ ಮಾಡಿದರೆ ತಂಪುನೀರಿಲ್ಲದೆ ಯಂತ್ರ ಕಾದು ಕೆಡುತ್ತದೆ.
5. ನೀರಿನ ಮೇಲೆ ತೇಲುವ ಹಗ್ಗವನ್ನೇ ಬಳಸಬೇಕು. ಮುಳುಗುವ ಹಗ್ಗ ಎಳೆಯುವ ದೋಣಿಯ ಪಂಖಕ್ಕೆ ಸುತ್ತಿಕೊಳ್ಳುತ್ತದೆ. ಹಗ್ಗವನ್ನು ಮುಂಭಾಗದ ಕೊಂಡಿಗೆ ಕಟ್ಟಬೇಕೇ ಹೊರತು ಹಿಡಿಕೆಗೆ ಕಟ್ಟಬಾರದು.
6. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬಿಗಿದ ಹಗ್ಗದ ನೇರಕ್ಕೆ ಯಾರೂ ಕೂಡಬಾರದು. ತುರ್ತಾಗಿ ಕತ್ತರಿಸಲು ಚಾಕು ಕೈಗೆಟುಕುವಂತಿರಬೇಕು.
7. ವಾಹನ ಮಗುಚಿದ್ದರೆ, ಹಿಂಭಾಗದ ಚೀಟಿಯಲ್ಲಿ ತೋರಿಸಿದ ದಿಕ್ಕಿಗೇ ತಿರುಗಿಸಬೇಕು. ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಹೊಗೆಕೊಳವೆಯ ನೀರು ಎಂಜಿನ್‌ಗೆ ಇಳಿಯಬಹುದು.

ರಬ್ಬರ್ ದೋಣಿ ಮತ್ತು ಹರಿಗೋಲು
ಹಿಂಬದಿಯಲ್ಲಿ ಮೋಟಾರು ಅಳವಡಿಸಿದ ರಬ್ಬರ್ ದೋಣಿಯಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಮೋಟಾರನ್ನು ಮೇಲಕ್ಕೆತ್ತಿ ಪಂಖವು ನೀರಿನಿಂದ ಹೊರಗಿರುವಂತೆ ಬಂಧಿಸಬೇಕು. ಹಗ್ಗವನ್ನು ಮುಂಭಾಗದ ಎರಡೂ ಬದಿಯ ಬಳೆಗಳಿಗೆ ಕವಲಾಗಿ ಕಟ್ಟಿದರೆ ದೋಣಿ ಅತ್ತಿತ್ತ ಓಲಾಡದು. ಆನೆಗೊಂದಿ, ಸಾಣಾಪುರದ ಕಡೆ ಬಳಕೆಯಲ್ಲಿರುವ ಹರಿಗೋಲಿನಿಂದ ಯಾಂತ್ರಿಕ ವಾಹನವನ್ನು ಎಳೆಯುವುದು ಸಲ್ಲದು. ದುಂಡಗಿನ ಹರಿಗೋಲು ಹಗ್ಗದ ಸೆಳೆತಕ್ಕೆ ಸುತ್ತುತ್ತದೆ, ವಾಲುತ್ತದೆ.

ದಡ ಸೇರಿದ ಮೇಲೆ
ನೀರು ಒಳಹೋಗಿರುವ ಸಂಶಯವಿದ್ದರೆ ಚಾಲನೆಯ ಗುಂಡಿಯನ್ನು ಒಮ್ಮೆಯೂ ಒತ್ತಬಾರದು. ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ನೀರನ್ನು ಹೊರಹಾಕಿದ ನಂತರವೇ ಚಾಲನೆ ಮಾಡತಕ್ಕದ್ದು. ತಡಮಾಡಿದಷ್ಟೂ ತುಕ್ಕು ಹೆಚ್ಚುವುದರಿಂದ ಈ ಕೆಲಸ ಅದೇ ದಿನ ನಡೆಯುವುದು ಲೇಸು.

ಸದಸ್ಯರ ಪಾತ್ರ
ಸದಸ್ಯರು ತಾವೇ ದೋಣಿ ನಡೆಸಬೇಕಾಗಿಲ್ಲ, ಸಿದ್ಧತೆಯನ್ನು ಖಚಿತಪಡಿಸಿಕೊಳ್ಳಬೇಕು. ಮುಂಗಾರಿಗೆ ಮುನ್ನ ತಮ್ಮ ವ್ಯಾಪ್ತಿಯ ದೋಣಿ, ಹರಿಗೋಲು ಹಾಗೂ ನುರಿತ ಚಾಲಕರ ಪಟ್ಟಿಯನ್ನು ಪಂಚಾಯತಿ ಕಚೇರಿಯಲ್ಲಿ ಇರಿಸತಕ್ಕದ್ದು. ಕುಷ್ಟಗಿ, ಯಲಬುರ್ಗಾ ಭಾಗದ ಕೆರೆಗಳಿಗೆ ದೋಣಿ ಹೊರಗಿನಿಂದ ಬರಬೇಕಾದಲ್ಲಿ, ಅದನ್ನು ನೀರಿಗಿಳಿಸಬಹುದಾದ ಸ್ಥಳವನ್ನು ಮೊದಲೇ ಗುರುತಿಸಬೇಕು. ತುರ್ತು ಸಂದರ್ಭದಲ್ಲಿ 112 ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡುವುದು ಮೊದಲ ಕರ್ತವ್ಯ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು
1. ನಮ್ಮ ವ್ಯಾಪ್ತಿಯ ದೋಣಿಗಳಲ್ಲಿ ತೇಲುವ ಹಗ್ಗ, ಕ್ಲಾಂಪ್, ಚಾಕು, ಸಾಕಷ್ಟು ಜಾಕೆಟ್‌ಗಳು ಇವೆಯೇ?
2. ಎಂಜಿನ್ ನಿಂತ ದೋಣಿಯನ್ನು ತರಲು ಹೋಗಬಲ್ಲ ಎರಡನೆಯ ದೋಣಿ ಎಲ್ಲಿದೆ? ಅದು ತಲುಪಲು ಎಷ್ಟು ಸಮಯ ಬೇಕು?
3. ಹರಿವು ಯಾವ ಮಟ್ಟ ಮೀರಿದಾಗ ಸ್ಥಳೀಯರು ನೀರಿಗಿಳಿಯಬಾರದೆಂದು ತೀರ್ಮಾನಿಸಲಾಗಿದೆ? ಅದನ್ನು ಪ್ರಕಟಿಸುವವರು ಯಾರು?